ಮಕ್ಕಳ ಕರುಳಿನ ಉರಿಯೂತ ಕಾಯಿಲೆ ಮತ್ತು ಬ್ಯಾಕ್ಟೀರಿಯಾ ಸೋಂಕು: ಪೋಷಕರ ಮಾಹಿತಿಗಾಗಿ

ದೀರ್ಘಕಾಲದ ಭೇದಿ, ಮಲದಲ್ಲಿ ರಕ್ತ, ತೂಕದ ಇಳಿಕೆ ಮುಂತಾದ ತೊಂದರೆಗಳಿಂದ ಬಳಲುವ ಮಕ್ಕಳ ಚಿಕಿತ್ಸೆಗೆ ನೆರವು ಕೋರಿ ಸಲ್ಲಿಸಲಾಗುವ ಅರ್ಜಿಗಳ ವೈದ್ಯಕೀಯ ದಾಖಲೆಗಳಲ್ಲಿ ಒಂದೇ ಮಗುವಿಗೆ ಎರಡು ಅಥವಾ ಮೂರು ರೋಗಗಳ ಹೆಸರು ನಮೂದಾಗಿರುವುದುಂಟು. ಮೊದಲ ಚೀಟಿಯಲ್ಲಿ ಕರುಳಿನ ಸೋಂಕು, ಎರಡನೆಯದರಲ್ಲಿ ಕರುಳಿನ ಕ್ಷಯದ ಸಂಶಯ, ಮೂರನೆಯದರಲ್ಲಿ ಕ್ರೋನ್ಸ್ ಕಾಯಿಲೆ ಎಂದಿರುತ್ತದೆ. ಇದರಿಂದ ಪೋಷಕರು ಗಾಬರಿಗೊಳ್ಳುವುದು ಸಹಜ. ಯಾವ ವೈದ್ಯರು ಹೇಳಿದ್ದು ಸರಿ ಎಂದು ಕೇಳುವವರಿದ್ದಾರೆ. ಅರ್ಜಿ ತಿರಸ್ಕೃತವಾದೀತೆಂಬ ಭಯದಿಂದ ಮೊದಲಿನ ಚೀಟಿಗಳನ್ನು ತೆಗೆದಿರಿಸಿ ಕೊನೆಯದನ್ನು ಮಾತ್ರ ಲಗತ್ತಿಸುವವರೂ ಇದ್ದಾರೆ. ಹಾಗೆ ಮಾಡಬಾರದು. ಈ ಹೆಸರುಗಳು ಬದಲಾಗುವುದಕ್ಕೆ ರೋಗದ ಸ್ವರೂಪದಲ್ಲಿಯೇ ಕಾರಣಗಳಿವೆ. ಸದರಿ ಕಾರಣಗಳನ್ನು ಸಾರ್ವಜನಿಕರಿಗೆ ತಿಳಿಯಪಡಿಸುವ ಸಲುವಾಗಿ ಈ ಲೇಖನವನ್ನು ಪ್ರಕಟಿಸಲಾಗಿದೆ. ಇದು ವೈದ್ಯರ ಸಲಹೆಗೆ ಬದಲಿಯಲ್ಲ.

ಕಾಯಿಲೆಯ ಸ್ವರೂಪ

ಕರುಳಿನ ಉರಿಯೂತ ಕಾಯಿಲೆ ಎಂಬುದು ಮುಖ್ಯವಾಗಿ ಎರಡು ರೋಗಗಳಿಗೆ ಇರುವ ಸಾಮಾನ್ಯ ಹೆಸರು. ವೈದ್ಯರ ಚೀಟಿಯಲ್ಲಿ ಇದನ್ನು ಐ.ಬಿ.ಡಿ. ಎಂದು ಬರೆದಿರುತ್ತದೆ. ಮೊದಲನೆಯದಾದ ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿನ ಒಳಪದರಕ್ಕೆ ಸೀಮಿತವಾಗಿರುತ್ತದೆ. ಎರಡನೆಯದಾದ ಕ್ರೋನ್ಸ್ ಕಾಯಿಲೆ ಬಾಯಿಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ ಕಾಣಿಸಿಕೊಳ್ಳಬಹುದು. ಸಣ್ಣ ಕರುಳಿನ ಕೊನೆಯ ಭಾಗ ಅದಕ್ಕೆ ಹೆಚ್ಚಾಗಿ ತುತ್ತಾಗುತ್ತದೆ. ದೇಹದ ರೋಗನಿರೋಧಕ ವ್ಯವಸ್ಥೆಯು ಕರುಳಿನ ಗೋಡೆಯಲ್ಲಿ ನಿರಂತರವಾಗಿ ಕೆರಳಿರುವುದೇ ಎರಡರ ಲಕ್ಷಣ. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. ಆದುದರಿಂದ ಶಾಲೆಯಲ್ಲಾಗಲಿ ವಿದ್ಯಾರ್ಥಿ ನಿಲಯದಲ್ಲಾಗಲಿ ಇಂತಹ ಮಗುವನ್ನು ಪ್ರತ್ಯೇಕವಾಗಿರಿಸುವ ಅಗತ್ಯವಿಲ್ಲ.

ಬ್ಯಾಕ್ಟೀರಿಯಾದ ಮೇಲಿನ ಸಂಶಯ

ಈ ಕಾಯಿಲೆಯ ಮೂಲದಲ್ಲಿ ಯಾವುದೋ ಒಂದು ರೋಗಾಣು ಇರಬೇಕೆಂಬ ಸಂಶಯ ನೂರು ವರ್ಷಗಳಿಗೂ ಹಳೆಯದು. ದನಗಳಲ್ಲಿ ತೀವ್ರ ಭೇದಿಯನ್ನೂ ಕೃಶತೆಯನ್ನೂ ಉಂಟುಮಾಡುವ ಒಂದು ಕರುಳಿನ ರೋಗವನ್ನು 1895ರಲ್ಲಿ ಜರ್ಮನಿಯ ಯೋನೆ ಎಂಬವರು ಸಹೋದ್ಯೋಗಿಯೊಡನೆ ವರ್ಣಿಸಿದರು. ಪಶುವೈದ್ಯರು ಅದನ್ನು ಇಂದಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ. ಅದಕ್ಕೆ ಕಾರಣ ಕ್ಷಯದ ರೋಗಾಣುವಿನ ಹತ್ತಿರದ ಸಂಬಂಧಿಯಾದ ಒಂದು ಬ್ಯಾಕ್ಟೀರಿಯಾ. 1913ರಲ್ಲಿ ಗ್ಲಾಸ್ಗೋ ನಗರದ ಶಸ್ತ್ರವೈದ್ಯ ಡಾಲ್ಜೀಲ್ ಎಂಬವರು ಮನುಷ್ಯರಲ್ಲಿ ತಾವು ಕಂಡ ಕರುಳಿನ ದೀರ್ಘಕಾಲಿಕ ಉರಿಯೂತವು ದನಗಳ ಆ ರೋಗವನ್ನೇ ಹೋಲುತ್ತದೆಂದು ಬರೆದರು. 1932ರಲ್ಲಿ ನ್ಯೂಯಾರ್ಕಿನ ಬರಿಲ್ ಕ್ರೋನ್ ಮತ್ತು ಸಹೋದ್ಯೋಗಿಗಳು ಇಂತಹ 14 ರೋಗಿಗಳ ವಿವರಗಳನ್ನು ಪ್ರಕಟಿಸಿದರು. ಅವರೂ ಮೊದಲು ಹುಡುಕಿದ್ದು ಕ್ಷಯವನ್ನೇ. ಅದು ಸಿಗದ ಕಾರಣ ಇದೊಂದು ಬೇರೆಯೇ ರೋಗವೆಂದು ನಿರ್ಧರಿಸಿದರು.

1984ರಲ್ಲಿ ಅಮೆರಿಕದ ಚಿಯೋಡಿನಿ ಮತ್ತು ಸಂಗಡಿಗರು ಕ್ರೋನ್ಸ್ ರೋಗಿಗಳ ಕರುಳಿನ ಅಂಗಾಂಶದಿಂದ ದನಗಳ ಆ ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸಿದ ಮೇಲೆ ಸಂಶಯಕ್ಕೆ ಮತ್ತೆ ಜೀವ ಬಂದಿತು. ಅದೇ ಕಾರಣವಾಗಿದ್ದರೆ ಅದನ್ನು ಕೊಲ್ಲುವ ಔಷಧದಿಂದ ರೋಗ ಗುಣವಾಗಬೇಕಲ್ಲವೇ? ಆಸ್ಟ್ರೇಲಿಯಾದಲ್ಲಿ 213 ವಯಸ್ಕ ರೋಗಿಗಳ ಮೇಲೆ ಇದನ್ನು ಪರೀಕ್ಷಿಸಲಾಯಿತು. ಮೂರು ಆ್ಯಂಟಿಬಯೋಟಿಕ್‌ಗಳನ್ನು ಒಟ್ಟಾಗಿ ಎರಡು ವರ್ಷಗಳವರೆಗೆ ನೀಡಲಾಯಿತು. 2007ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮೊದಲ 16 ವಾರಗಳಲ್ಲಿ ಔಷಧ ಪಡೆದವರಲ್ಲಿ ಹೆಚ್ಚು ಮಂದಿಗೆ ಉಪಶಮನವಾಗಿತ್ತು. ಆದರೆ ಆ ಲಾಭ ಉಳಿಯಲಿಲ್ಲ. ದೀರ್ಘಾವಧಿಯಲ್ಲಿ ಔಷಧ ಪಡೆದವರಿಗೂ ಪಡೆಯದವರಿಗೂ ವ್ಯತ್ಯಾಸ ಕಂಡುಬರಲಿಲ್ಲ. ಹೀಗಾಗಿ ದನದ ಹಾಲಿನಿಂದ ಮಕ್ಕಳಿಗೆ ಕ್ರೋನ್ಸ್ ಕಾಯಿಲೆ ಬರುತ್ತದೆಂದು ಹೇಳುವುದಕ್ಕೆ ಆಧಾರ ಸಾಲದು. ಹಾಲನ್ನು ಕಾಯಿಸಿಯೇ ಕುಡಿಯುವ ನಮ್ಮ ಮನೆಗಳ ರೂಢಿಯನ್ನು ಮಾತ್ರ ಬಿಡತಕ್ಕದ್ದಲ್ಲ. ಹಸಿ ಹಾಲಿನಿಂದ ದನದ ಕ್ಷಯ, ಬ್ರುಸೆಲ್ಲಾ ಮುಂತಾದ ಸೋಂಕುಗಳು ಬರುವುದು ನಿಸ್ಸಂಶಯ.

ಭೇದಿಯಾದ ಮಗುವಿಗೆ ಮುಂದೆ ಈ ಕಾಯಿಲೆ ಬರುವುದೇ?

ಪೋಷಕರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಡೆನ್ಮಾರ್ಕಿನಲ್ಲಿ ಸಾಲ್ಮೊನೆಲ್ಲಾ ಅಥವಾ ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಗಳಿಂದ ಭೇದಿಯಾಗಿದ್ದ 13,148 ಜನರನ್ನು, ಸೋಂಕು ದಾಖಲಾಗದ 26,216 ಜನರೊಂದಿಗೆ ಹೋಲಿಸಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಸೋಂಕು ತಗುಲಿದ್ದವರಲ್ಲಿ ಶೇಕಡಾ 1.2ರಷ್ಟು ಮಂದಿಗೆ ಮುಂದಿನ ವರ್ಷಗಳಲ್ಲಿ ಕರುಳಿನ ಉರಿಯೂತ ಕಾಯಿಲೆ ಪತ್ತೆಯಾಯಿತು. ಇತರರಲ್ಲಿ ಈ ಪ್ರಮಾಣ ಶೇಕಡಾ 0.5.

ಇಂತಹ ಅಂಕಿಗಳನ್ನು ಓದುವಾಗ ಲೆಕ್ಕಪತ್ರ ನೋಡುವವರ ಎಚ್ಚರಿಕೆ ಬೇಕಾಗುತ್ತದೆ. ಅಪಾಯ ಎರಡು ಪಟ್ಟಿಗಿಂತ ಹೆಚ್ಚಾಯಿತೆಂದು ಬರೆದರೆ ಓದುವವರ ಎದೆ ನಡುಗುತ್ತದೆ. ಸೋಂಕಾದ ನೂರು ಜನರಲ್ಲಿ ಸುಮಾರು 99 ಮಂದಿಗೆ ಆ ಕಾಯಿಲೆ ಬರಲಿಲ್ಲವೆಂದು ಬರೆದರೂ ಅದು ಅದೇ ಲೆಕ್ಕ. ಅಷ್ಟೇ ಅಲ್ಲ, ಅದೇ ದೇಶದ ಬೇರೆ ಸಂಶೋಧಕರು 2011ರಲ್ಲಿ ಇನ್ನೊಂದು ಅಂಶವನ್ನು ತೋರಿಸಿದರು. ಮಲ ಪರೀಕ್ಷೆ ಮಾಡಿಸಿ ಯಾವ ಬ್ಯಾಕ್ಟೀರಿಯಾವೂ ಸಿಗದವರಲ್ಲಿಯೂ ಮುಂದೆ ಈ ಕಾಯಿಲೆ ಹೆಚ್ಚಾಗಿಯೇ ಪತ್ತೆಯಾಗಿತ್ತು. ಅಂದರೆ ಕಾಯಿಲೆ ಆಗಲೇ ಒಳಗೆ ಆರಂಭವಾಗಿದ್ದು, ಅದರ ಭೇದಿಯ ಕಾರಣಕ್ಕಾಗಿಯೇ ಪರೀಕ್ಷೆ ನಡೆದು, ಸೋಂಕು ಕಣ್ಣಿಗೆ ಬಿದ್ದಿರುವ ಸಾಧ್ಯತೆ ಇದೆ. ಸೋಂಕು ಕಿಡಿ ಹೊತ್ತಿಸಿತೋ, ಮೊದಲೇ ಇದ್ದ ಕೆಂಡವನ್ನು ತೋರಿಸಿತೋ ಎಂಬುದು ಇಂತಹ ಅಧ್ಯಯನಗಳಿಂದ ತೀರ್ಮಾನವಾಗುವುದಿಲ್ಲ.

ಇದರೊಂದಿಗೆ ಇನ್ನೊಂದು ಗೊಂದಲವನ್ನೂ ಪರಿಹರಿಸಿಕೊಳ್ಳುವುದು ಸೂಕ್ತ. ಕೆನಡಾದ ವಾಕರ್ಟನ್ ಎಂಬ ಸಣ್ಣ ಪಟ್ಟಣದಲ್ಲಿ 2000ದ ಮೇ ತಿಂಗಳಲ್ಲಿ ಕುಡಿಯುವ ನೀರಿಗೆ ಇ. ಕೋಲೈ ಮತ್ತು ಕ್ಯಾಂಪಿಲೋಬ್ಯಾಕ್ಟರ್ ಸೇರಿ ಎರಡು ಸಾವಿರಕ್ಕೂ ಹೆಚ್ಚು ಜನ ಅಸ್ವಸ್ಥರಾದರು. 7 ಜನ ಮೃತರಾದರು. ಆ ಪಟ್ಟಣದ ಮಕ್ಕಳನ್ನೂ ವಯಸ್ಕರನ್ನೂ ವರ್ಷಗಟ್ಟಲೆ ಗಮನಿಸಿದಾಗ ಹಲವರಲ್ಲಿ ಹೊಟ್ಟೆನೋವು ಮತ್ತು ಮಲವಿಸರ್ಜನೆಯ ಏರುಪೇರು ಉಳಿದುಕೊಂಡಿದ್ದು ಕಂಡುಬಂದಿತು. ಆದರೆ ಅದು ಐ.ಬಿ.ಎಸ್. ಎಂಬ ತೊಂದರೆ. ಹೆಸರು ಒಂದೇ ಅಕ್ಷರದಷ್ಟು ಭಿನ್ನವಾದರೂ ಅದರಲ್ಲಿ ಕರುಳಿನಲ್ಲಿ ಹುಣ್ಣಾಗುವುದಿಲ್ಲ, ಮಲದಲ್ಲಿ ರಕ್ತ ಹೋಗುವುದಿಲ್ಲ, ಮಗುವಿನ ಬೆಳವಣಿಗೆಯೂ ನಿಲ್ಲುವುದಿಲ್ಲ. ಚೀಟಿಯಲ್ಲಿರುವುದು ಬಿ.ಡಿ.ಯೋ ಬಿ.ಎಸ್.ಓ ಎಂಬುದನ್ನು ಪೋಷಕರು ಒಮ್ಮೆ ಕೇಳಿ ಖಚಿತಪಡಿಸಿಕೊಳ್ಳತಕ್ಕದ್ದು.

ಕರುಳಿನಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳು

ಹೊರಗಿನಿಂದ ಬರುವ ರೋಗಾಣುಗಳಷ್ಟೇ ಅಲ್ಲದೆ, ಪ್ರತಿಯೊಬ್ಬರ ಕರುಳಿನಲ್ಲಿ ಹುಟ್ಟಿದಂದಿನಿಂದ ನೆಲೆಸುವ ಅಸಂಖ್ಯಾತ ಬ್ಯಾಕ್ಟೀರಿಯಾಗಳ ಕಡೆಗೂ ಸಂಶೋಧಕರ ಗಮನ ಹರಿದಿದೆ. 2014ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಮಕ್ಕಳಿಗೆ ಸಂಬಂಧಿಸಿದ್ದು. ಕ್ರೋನ್ಸ್ ಕಾಯಿಲೆ ಹೊಸದಾಗಿ ಪತ್ತೆಯಾದ, ಇನ್ನೂ ಚಿಕಿತ್ಸೆ ಆರಂಭವಾಗದ 447 ರೋಗಿಗಳ ಕರುಳಿನ ಬ್ಯಾಕ್ಟೀರಿಯಾಗಳನ್ನು ಇತರ 221 ಜನರೊಂದಿಗೆ ಹೋಲಿಸಲಾಯಿತು. ರೋಗಿಗಳಲ್ಲಿ ಇ. ಕೋಲೈ ಸೇರಿರುವ ಕುಟುಂಬದವು ಹೆಚ್ಚಾಗಿದ್ದವು. ಕರುಳಿಗೆ ಹಿತಕಾರಿಯೆಂದು ಎಣಿಸಲಾದ ಹಲವು ಗುಂಪುಗಳು ಕ್ಷೀಣಿಸಿದ್ದವು. ಆ್ಯಂಟಿಬಯೋಟಿಕ್ ಪಡೆದಿದ್ದವರಲ್ಲಿ ಈ ಏರುಪೇರು ಇನ್ನಷ್ಟು ಹೆಚ್ಚಿತ್ತು. ಫ್ರಾನ್ಸಿನ ಸಂಶೋಧಕರು ಕರುಳಿನ ಜೀವಕೋಶಗಳಿಗೆ ಅಂಟಿ ಒಳಹೊಕ್ಕುವ ವಿಶೇಷ ಬಗೆಯ ಇ. ಕೋಲೈಯನ್ನು ಗುರುತಿಸಿದ್ದಾರೆ. ಅದು ಕ್ರೋನ್ಸ್ ರೋಗಿಗಳ ಸಣ್ಣ ಕರುಳಿನಲ್ಲಿ ಇತರರಿಗಿಂತ ಹೆಚ್ಚಾಗಿ ಕಂಡುಬರುತ್ತದಾದರೂ ಎಲ್ಲ ರೋಗಿಗಳಲ್ಲಿ ಇಲ್ಲ, ಆರೋಗ್ಯವಂತರಲ್ಲಿ ಕೆಲವರಲ್ಲಿಯೂ ಇದೆ.

2001ರಲ್ಲಿ ಕ್ರೋನ್ಸ್ ಕಾಯಿಲೆಗೆ ಸಂಬಂಧಿಸಿದ ಮೊದಲ ವಂಶವಾಹಿ ಪತ್ತೆಯಾದಾಗ, ಅದರ ಕೆಲಸವೇ ಬ್ಯಾಕ್ಟೀರಿಯಾದ ಹೊರಕವಚದ ತುಣುಕನ್ನು ಗುರುತಿಸುವುದೆಂದು ತಿಳಿದುಬಂದಿತು. ಇವೆಲ್ಲವನ್ನೂ ಒಟ್ಟಾಗಿ ನೋಡಿದಾಗ, ಒಂದು ರೋಗಾಣು ಒಂದು ರೋಗವನ್ನು ತರುವ ಕ್ಷಯ ಅಥವಾ ಕಾಲರಾದ ಲೆಕ್ಕಾಚಾರ ಇಲ್ಲಿಗೆ ಹೊಂದುವುದಿಲ್ಲ. ಬ್ಯಾಕ್ಟೀರಿಯಾಗಳಿಗೆ ತಪ್ಪಾಗಿ ಉತ್ತರಿಸುವ ಪ್ರವೃತ್ತಿ ಹುಟ್ಟಿನಿಂದ ಬಂದಿದ್ದು, ಆಹಾರ, ಪರಿಸರ, ಸೋಂಕು, ಔಷಧ ಮುಂತಾದವುಗಳಿಂದ ಕರುಳಿನ ಸಮತೋಲನ ಕೆಟ್ಟಾಗ ಉರಿಯೂತ ನೆಲೆಯೂರುತ್ತದೆಂಬುದು ತಜ್ಞರ ಸಾಮಾನ್ಯ ಅಭಿಪ್ರಾಯ. ಎರಡು ವರ್ಷದೊಳಗಿನ ಶಿಶುವಿಗೆ ಇಂತಹ ಕಾಯಿಲೆ ಬಂದರೆ ಮಾತ್ರ ರೋಗನಿರೋಧಕ ಶಕ್ತಿಯಲ್ಲಿಯೇ ಜನ್ಮಜಾತ ದೋಷವಿದೆಯೇ ಎಂದು ಪ್ರತ್ಯೇಕವಾಗಿ ಪರೀಕ್ಷಿಸುವುದು ಅವಶ್ಯಕ.

ಆ್ಯಂಟಿಬಯೋಟಿಕ್ ಕುರಿತು ಒಂದು ಮಾತು. ಡೆನ್ಮಾರ್ಕಿನ 5,77,627 ಮಕ್ಕಳ ದಾಖಲೆಗಳ ಅಧ್ಯಯನದಲ್ಲಿ, ಆ್ಯಂಟಿಬಯೋಟಿಕ್ ಪಡೆದ ಮಕ್ಕಳಿಗೆ ಈ ಕಾಯಿಲೆಯ ಅಪಾಯ 1.84 ಪಟ್ಟು ಇತ್ತು. ಆದರೆ ಅಷ್ಟು ಮಕ್ಕಳಲ್ಲಿ ಕಾಯಿಲೆ ಬಂದದ್ದು ಒಟ್ಟು 117 ಮಂದಿಗೆ. ನ್ಯುಮೋನಿಯಾ ಆದ ಮಗುವಿಗೆ ಇದರ ಭಯದಿಂದ ಆ್ಯಂಟಿಬಯೋಟಿಕ್ ತಪ್ಪಿಸುವುದು ಅಪಾಯಕರ. ಬದಲಾಗಿ, ಸಾಧಾರಣ ನೀರುಭೇದಿಗೆ ಔಷಧದ ಅಂಗಡಿಯಿಂದ ಕೇಳಿ ತಂದು ಎರಡು ದಿನ ಕೊಟ್ಟು ನಿಲ್ಲಿಸುವ ಅಭ್ಯಾಸವನ್ನು ಕೈಬಿಡಬೇಕು. ಅಂತಹ ಭೇದಿಗೆ ಓ.ಆರ್.ಎಸ್. ದ್ರಾವಣ ಮತ್ತು ಜಿಂಕ್ ಮಾತ್ರೆ ಮುಖ್ಯ ಚಿಕಿತ್ಸೆ. ಇವು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತವೆ.

ನಮ್ಮಲ್ಲಿನ ಮುಖ್ಯ ಪ್ರಶ್ನೆ: ಕ್ಷಯವೇ, ಕ್ರೋನ್ಸ್ ಕಾಯಿಲೆಯೇ?

ಮೇಲ್ಕಂಡ ವಿಷಯಗಳು ಸಂಶೋಧಕರಿಗೆ ಸಂಬಂಧಿಸಿದವು. ನಮ್ಮ ರಾಜ್ಯದ ಪೋಷಕರಿಗೆ ನೇರವಾಗಿ ಎದುರಾಗುವ ಬ್ಯಾಕ್ಟೀರಿಯಾ ಪ್ರಶ್ನೆ ಬೇರೆಯದು. ಕ್ಷಯರೋಗವು ಶ್ವಾಸಕೋಶಕ್ಕೆ ಮಾತ್ರ ಬರುವುದಲ್ಲ, ಕರುಳಿಗೂ ಬರುತ್ತದೆ. ಅದು ಹೆಚ್ಚಾಗಿ ನೆಲೆಸುವುದು ಸಣ್ಣ ಮತ್ತು ದೊಡ್ಡ ಕರುಳುಗಳು ಸೇರುವ ಜಾಗದಲ್ಲಿ; ಕ್ರೋನ್ಸ್ ಕಾಯಿಲೆಗೂ ಪ್ರಿಯವಾದ ಜಾಗ ಅದೇ. ಹೊಟ್ಟೆನೋವು, ಜ್ವರ, ತೂಕದ ಇಳಿಕೆ, ರಕ್ತಹೀನತೆ ಎರಡರಲ್ಲಿಯೂ ಒಂದೇ. ಕೊಲೊನೋಸ್ಕೋಪಿಯಲ್ಲಿ ಕಾಣುವ ಹುಣ್ಣುಗಳೂ ಒಂದನ್ನೊಂದು ಹೋಲುತ್ತವೆ. ಕರುಳಿಗೆ ಅಡ್ಡಲಾಗಿ ಇರುವ ಹುಣ್ಣು, ಹೊಟ್ಟೆಯಲ್ಲಿ ನೀರು ತುಂಬಿರುವುದು ಕ್ಷಯದ ಕಡೆಗೂ, ಉದ್ದುದ್ದವಾದ ಹುಣ್ಣು, ಗುದದ್ವಾರದ ಬಳಿಯ ಕೀವುನಾಳ ಕ್ರೋನ್ಸ್ ಕಡೆಗೂ ಬೆರಳು ತೋರುತ್ತವೆ. ಬಯಾಪ್ಸಿ ತುಣುಕಿನಲ್ಲಿ ಕ್ಷಯದ ರೋಗಾಣು ಕಂಡುಬಂದರೆ ಸಂಶಯ ತೀರಿತು. ಆದರೆ ಕರುಳಿನ ಕ್ಷಯದಲ್ಲಿ ರೋಗಾಣುಗಳ ಸಂಖ್ಯೆ ಕಡಿಮೆಯಿರುವುದರಿಂದ, ಜೀನ್‌ಎಕ್ಸ್‌ಪರ್ಟ್‌ನಂತಹ ಸೂಕ್ಷ್ಮ ಪರೀಕ್ಷೆಯಲ್ಲಿಯೂ ಅದು ಹಲವು ಬಾರಿ ಸಿಗುವುದಿಲ್ಲ. ಪರೀಕ್ಷೆಯಲ್ಲಿ ಇಲ್ಲವೆಂದು ಬಂದ ಮಾತ್ರಕ್ಕೆ ಕ್ಷಯ ಇಲ್ಲವೆಂದು ಹೇಳಲಾಗದು.

ಇಲ್ಲಿ ಎರಡೂ ಕಡೆ ಅಪಾಯವಿದೆ. ಕ್ಷಯವಿರುವ ಮಗುವಿಗೆ ಕ್ರೋನ್ಸ್ ಎಂದು ಭಾವಿಸಿ ಸ್ಟೀರಾಯ್ಡ್ ಅಥವಾ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಚುಚ್ಚುಮದ್ದು ನೀಡಿದರೆ ಕ್ಷಯ ದೇಹವೆಲ್ಲ ಹರಡಬಹುದು. ಇನ್‌ಫ್ಲಿಕ್ಸಿಮಾಬ್ ಚುಚ್ಚುಮದ್ದು ಪಡೆದ 70 ಜನರಲ್ಲಿ ಕ್ಷಯ ಕಾಣಿಸಿಕೊಂಡ ವರದಿ 2001ರಲ್ಲಿಯೇ ಪ್ರಕಟವಾಗಿದ್ದು, ಅಂದಿನಿಂದ ಆ ಔಷಧಕ್ಕೆ ಮೊದಲು ಕ್ಷಯ ತಪಾಸಣೆ ಕಡ್ಡಾಯವೆಂಬಂತೆ ನಡೆದುಬಂದಿದೆ. ಇನ್ನೊಂದು ಕಡೆ, ಕ್ರೋನ್ಸ್ ಇರುವ ಮಗುವಿಗೆ ಕ್ಷಯದ ಮಾತ್ರೆಗಳನ್ನು ಕೊಡುತ್ತಾ ಹೋದರೆ ತಿಂಗಳುಗಳು ಕಳೆಯುತ್ತವೆ. ಅಷ್ಟರಲ್ಲಿ ಕರುಳು ಕಿರಿದಾಗಿ ಶಸ್ತ್ರಚಿಕಿತ್ಸೆಯ ಹಂತ ತಲಪಬಹುದು. ಬೆಳೆಯುವ ವಯಸ್ಸಿನ ಮಗುವಿಗೆ ಆ ತಿಂಗಳುಗಳು ಮತ್ತೆ ಸಿಗುವುದಿಲ್ಲ.

ಖಚಿತವಾಗಿ ತೀರ್ಮಾನಿಸಲಾಗದಿದ್ದಾಗ ನಮ್ಮ ದೇಶದ ವೈದ್ಯರು ಮೊದಲು ಕ್ಷಯಕ್ಕೆ ಚಿಕಿತ್ಸೆ ಆರಂಭಿಸಿ ಪರಿಣಾಮವನ್ನು ನೋಡುವುದು ರೂಢಿಯಲ್ಲಿದೆ. ಇದನ್ನು ಪೋಷಕರು ವೈದ್ಯರ ತಪ್ಪೆಂದು ತಿಳಿಯಬಾರದು. ಈ ಕ್ರಮದಲ್ಲಿ ಅತಿ ಮುಖ್ಯವಾದದ್ದು ಮರು ಪರೀಕ್ಷೆ. ಕ್ಷಯದ ಮಾತ್ರೆಯಿಂದ ಕ್ರೋನ್ಸ್ ಕಾಯಿಲೆಯ ಮಗುವಿಗೂ ಸ್ವಲ್ಪ ಕಾಲ ನೋವು ಕಡಿಮೆಯಾಗಿ ಹಸಿವು ಮರಳಬಹುದು. ಆದರೆ ಕರುಳಿನ ಹುಣ್ಣು ಮಾಯುವುದಿಲ್ಲ. ಕ್ಷಯವೇ ಆಗಿದ್ದರೆ ಹುಣ್ಣು ಮಾಯುತ್ತದೆ. ಆದುದರಿಂದ ಎರಡು ತಿಂಗಳ ಹೊತ್ತಿಗೆ ವೈದ್ಯರು ಮತ್ತೊಮ್ಮೆ ಕೊಲೊನೋಸ್ಕೋಪಿಗೆ ಸೂಚಿಸಿದರೆ, ಮಗು ಈಗ ಚೆನ್ನಾಗಿದೆಯಲ್ಲ ಎಂದು ತಪ್ಪಿಸತಕ್ಕದ್ದಲ್ಲ. ಹೊಟ್ಟೆಯ ಕ್ಷಯಕ್ಕೆ ಸಾಮಾನ್ಯವಾಗಿ 6 ತಿಂಗಳ ಚಿಕಿತ್ಸೆ ಸಾಕೆಂದು 2016ರ ರಾಷ್ಟ್ರೀಯ ಮಾರ್ಗಸೂಚಿ ತಿಳಿಸುತ್ತದೆ. ಸುಧಾರಣೆಯಿಲ್ಲದೆಯೇ ಚಿಕಿತ್ಸೆ ಅದಕ್ಕಿಂತ ಮುಂದುವರಿದಿದ್ದರೆ ಕಾರಣವನ್ನು ವೈದ್ಯರಲ್ಲಿ ಕೇಳಿ ತಿಳಿಯಲು ಪೋಷಕರಿಗೆ ಎಲ್ಲ ಹಕ್ಕೂ ಇದೆ. ಆದರೆ ಮಾತ್ರೆಯನ್ನು ತಾವಾಗಿಯೇ ಮಧ್ಯದಲ್ಲಿ ನಿಲ್ಲಿಸಬಾರದು.

ಬ್ಯಾಕ್ಟೀರಿಯಾವಲ್ಲದಿದ್ದರೂ ಆಮಶಂಕೆಯ ಅಮೀಬಾವನ್ನು ಇಲ್ಲಿ ಹೆಸರಿಸಲೇಬೇಕು. ಅದೂ ರಕ್ತಭೇದಿಯನ್ನುಂಟುಮಾಡಿ ಅಲ್ಸರೇಟಿವ್ ಕೊಲೈಟಿಸ್‌ನಂತೆ ತೋರುತ್ತದೆ, ಸ್ಟೀರಾಯ್ಡ್ ಕೊಟ್ಟರೆ ಉಲ್ಬಣಿಸುತ್ತದೆ. ಚಿಕಿತ್ಸೆಗೆ ಮೊದಲು ಮಲ ಪರೀಕ್ಷೆ ಮಾಡಿಸುವುದು ಇದಕ್ಕಾಗಿಯೇ. ಕಾಯಿಲೆ ಖಚಿತವಾಗಿದ್ದ ಮಗುವಿಗೂ ಭೇದಿ ಏಕಾಏಕಿ ಉಲ್ಬಣಿಸಿದಾಗ ಹೊಸ ಸೋಂಕು ತಗುಲಿದೆಯೇ ಎಂದು ಮೊದಲು ನೋಡಲಾಗುತ್ತದೆ.

ಯಾವಾಗ ಆಸ್ಪತ್ರೆಗೆ ತೋರಿಸಬೇಕು?

ಸಾಧಾರಣ ಸೋಂಕಿನ ಭೇದಿ ಒಂದು ವಾರದ ಆಸುಪಾಸಿನಲ್ಲಿ ಇಳಿಯುತ್ತದೆ. ಎರಡು ವಾರ ದಾಟಿದರೆ ತಜ್ಞರಿಗೆ ತೋರಿಸಬೇಕು. ಮಲದಲ್ಲಿ ರಕ್ತ ಕಂಡರೆ ಅಷ್ಟು ದಿನ ಕಾಯದೆ ತಕ್ಷಣ ತೋರಿಸಬೇಕು. ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಮತ್ತೆ ಮತ್ತೆ ಬರುವ ಬಾಯಿಹುಣ್ಣು, ಕೀಲುನೋವು, ಗುದದ್ವಾರದ ಬಳಿ ಕೀವು, ಕಾರಣ ತಿಳಿಯದ ಜ್ವರ ಮತ್ತು ರಕ್ತಹೀನತೆ ಎಚ್ಚರಿಕೆಯ ಗುರುತುಗಳು. ಭೇದಿಯೇ ಇಲ್ಲದೆ, ಬೆಳವಣಿಗೆ ನಿಂತುಹೋಗುವುದೊಂದೇ ಕ್ರೋನ್ಸ್ ಕಾಯಿಲೆಯ ಮೊದಲ ಲಕ್ಷಣವಾಗುವುದೂ ಉಂಟು. ಅಂಗನವಾಡಿಯಲ್ಲಿ ಬರೆದ ತೂಕದ ಕಾರ್ಡು, ಶಾಲಾ ಆರೋಗ್ಯ ತಪಾಸಣೆಯಲ್ಲಿ ನಮೂದಿಸಿದ ಎತ್ತರ ಮತ್ತು ತೂಕ ಇಲ್ಲಿ ಬಹು ಉಪಯುಕ್ತ. ಸಾವಿರಾರು ರೂಪಾಯಿಯ ಪರೀಕ್ಷೆಗಿಂತ ಮೊದಲು ತಜ್ಞರು ಕೇಳುವುದು ಆ ಹಳೆಯ ಕಾರ್ಡನ್ನೇ.

ಕಾಯಿಲೆ ಖಚಿತವಾದ ಮಕ್ಕಳ ಪೋಷಕರು ಎದೆಗುಂದಬೇಕಾಗಿಲ್ಲ. ಕ್ರೋನ್ಸ್ ಕಾಯಿಲೆಯ ಮಕ್ಕಳಿಗೆ 6ರಿಂದ 8 ವಾರಗಳವರೆಗೆ ಬೇರೆ ಊಟವಿಲ್ಲದೆ ವಿಶೇಷ ದ್ರವಾಹಾರವನ್ನು ಮಾತ್ರ ನೀಡುವ ವಿಧಾನವು ಸ್ಟೀರಾಯ್ಡ್‌ನಷ್ಟೇ ಪರಿಣಾಮಕಾರಿಯಾಗಿದ್ದು, ಬೆಳವಣಿಗೆಗೂ ಅನುಕೂಲಕರವಾಗಿದೆ. ಹಬ್ಬದ ದಿನ ಎಲ್ಲರೂ ಉಣ್ಣುವಾಗ ಮಗುವನ್ನು ಸಂತೈಸುವುದು ಕಷ್ಟವೆಂಬುದು ನಿಜ. ವೈದ್ಯರ ಅನುಮತಿಯಿಲ್ಲದೆ ಒಂದು ತುತ್ತೂ ಕೊಡಬಾರದು. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಆರಂಭಿಸುವ ಮುನ್ನ ಲಸಿಕಾ ಕಾರ್ಡನ್ನು ತೋರಿಸತಕ್ಕದ್ದು. ದಡಾರದ ಲಸಿಕೆಯಂತಹ ಜೀವಂತ ಲಸಿಕೆಗಳನ್ನು ಅನಂತರ ನೀಡಲಾಗುವುದಿಲ್ಲ.

ಸೌಲಭ್ಯಗಳು ಮತ್ತು ದಾಖಲೆಗಳು

ಕ್ಷಯರೋಗದ ಪರೀಕ್ಷೆ ಮತ್ತು ಔಷಧ, ಅದು ಯಾವ ಅಂಗದ ಕ್ಷಯವೇ ಆಗಿರಲಿ, ರಾಷ್ಟ್ರೀಯ ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮದಡಿ ಉಚಿತ. ಚಿಕಿತ್ಸೆಯ ಅವಧಿಯಲ್ಲಿ ನಿಕ್ಷಯ್ ಪೋಷಣ್ ಯೋಜನೆಯಡಿ ಪೌಷ್ಟಿಕ ಆಹಾರಕ್ಕಾಗಿ ತಿಂಗಳಿಗೆ ನೀಡಲಾಗುತ್ತಿದ್ದ ರೂ. 500ನ್ನು 2024ರ ನವೆಂಬರ್‌ನಿಂದ ರೂ. 1,000ಕ್ಕೆ ಹೆಚ್ಚಿಸಲಾಗಿದ್ದು, ಮೊತ್ತವು ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಖಾಸಗಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುವವರಿಗೂ ಇದು ಅನ್ವಯ. ಆದರೆ ರೋಗಿಯ ಹೆಸರು ನಿಕ್ಷಯ್ ತಂತ್ರಾಂಶದಲ್ಲಿ ನೋಂದಣಿಯಾಗಿರತಕ್ಕದ್ದು.

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ರೂ. 5 ಲಕ್ಷದವರೆಗೆ, ಇತರ ಕುಟುಂಬಗಳಿಗೆ ನಿಗದಿತ ಚಿಕಿತ್ಸಾ ದರದ ಶೇಕಡಾ 30ರಂತೆ ವರ್ಷಕ್ಕೆ ರೂ. 1.5 ಲಕ್ಷದವರೆಗೆ ನೆರವು ಇದೆ. ಯೋಜನೆಯ ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಮಾತ್ರ ಇದು ಅನ್ವಯಿಸುವುದರಿಂದ, ಹೊರರೋಗಿಯಾಗಿ ಪಡೆಯುವ ಮಾತ್ರೆಗಳ ಮತ್ತು ದ್ರವಾಹಾರದ ವೆಚ್ಚದ ಬಗ್ಗೆ ಮುಂಚಿತವಾಗಿಯೇ ಆಸ್ಪತ್ರೆಯಲ್ಲಿನ ಆರೋಗ್ಯಮಿತ್ರರನ್ನು ವಿಚಾರಿಸುವುದು ಒಳ್ಳೆಯದು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಲ್ಲಿ ತಪಾಸಣೆ ನಡೆಸುತ್ತವೆ. ಬೆಳವಣಿಗೆ ಕುಂಠಿತವಾದ ಮಗುವನ್ನು ಅವರ ಗಮನಕ್ಕೆ ತಂದಲ್ಲಿ ಜಿಲ್ಲಾ ಆಸ್ಪತ್ರೆಗೆ ಶಿಫಾರಸು ಪಡೆಯಬಹುದಾಗಿದೆ.

ಅರ್ಜಿದಾರರು ಬಿಡುಗಡೆ ಚೀಟಿ, ಕೊಲೊನೋಸ್ಕೋಪಿ ವರದಿ, ಬಯಾಪ್ಸಿ ವರದಿ, ಮಲ ಪರೀಕ್ಷೆಯ ವರದಿ, ಕ್ಷಯ ಚಿಕಿತ್ಸೆ ಪಡೆದಿದ್ದಲ್ಲಿ ಆರಂಭಿಸಿದ ಮತ್ತು ಮುಗಿಸಿದ ದಿನಾಂಕ ಹಾಗೂ ನಿಕ್ಷಯ್ ಸಂಖ್ಯೆ, ಬೆಳವಣಿಗೆಯ ಕಾರ್ಡು, ಇವುಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಕೊಳ್ಳಲು ಕೋರಲಾಗಿದೆ. ರೋಗದ ಹೆಸರು ಚೀಟಿಯಿಂದ ಚೀಟಿಗೆ ಬೇರೆಯಾಗಿದ್ದರೆ ಅದನ್ನು ಮುಚ್ಚಿಡದೆ, ಚಿಕಿತ್ಸೆ ನೀಡುತ್ತಿರುವ ವೈದ್ಯರಿಂದ ಬದಲಾವಣೆಯ ಕಾರಣವನ್ನು ಎರಡು ಸಾಲಿನಲ್ಲಿ ಬರೆಯಿಸಿಕೊಂಡು ಲಗತ್ತಿಸುವುದು. ಬಯಾಪ್ಸಿಯ ಗಾಜಿನ ಪಟ್ಟಿ ಮತ್ತು ಮೇಣದ ಬಿಲ್ಲೆಯನ್ನು ಬೇರೆ ಆಸ್ಪತ್ರೆಗೆ ತೋರಿಸಬೇಕಾದಲ್ಲಿ ಪ್ರಯೋಗಾಲಯಕ್ಕೆ ಲಿಖಿತ ಮನವಿ ಸಲ್ಲಿಸಿ ಪಡೆಯುವುದು. ಇದರಿಂದ ಮಗುವಿಗೆ ಮತ್ತೊಮ್ಮೆ ಕೊಲೊನೋಸ್ಕೋಪಿ ಮಾಡಿಸುವ ತೊಂದರೆ ಕೆಲವೊಮ್ಮೆ ತಪ್ಪುತ್ತದೆ.

ಹೆಚ್ಚಿನ ಮಾಹಿತಿಗಾಗಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಅಥವಾ ಜಿಲ್ಲಾ ಕ್ಷಯರೋಗ ನಿಯಂತ್ರಣಾಧಿಕಾರಿಗಳ ಕಚೇರಿಯನ್ನು ಕಚೇರಿಯ ವೇಳೆಯಲ್ಲಿ ಸಂಪರ್ಕಿಸಬಹುದು. ಕ್ಷಯರೋಗ ಸಹಾಯವಾಣಿಯ ಉಚಿತ ದೂರವಾಣಿ ಸಂಖ್ಯೆ: 1800-11-6666.